ಇಳಿಸು ಬಂಡೆ

ಚೀನ ದೇಶದ ತೆಂಕಣ ಕರಾವಳಿಯಲ್ಲಿ, ಸಣ್ಣದೊಂದು ನದಿ ಕವಲೊಡೆದು ಕಡಲಿಗೆ ಸೇರುವಲ್ಲಿ, ಉಪ್ಪಿನ ಆಗರಗಳ ನಡುವೆ ಒಂದು ಕರಿಯ ಬಂಡೆ ಎದ್ದುನಿಂತಿದೆ. ಊರಿನ ಕಡೆಯ ಮಗ್ಗುಲು ಇಳಿಜಾರಾಗಿದ್ದು ಹುಲ್ಲು ಬೆಳೆದಿದೆ. ಕಡಲಿನ ಕಡೆಯದು ಕೊಡಲಿಯಿಂದ ಕಡಿದಿಟ್ಟ ಹಾಗೆ ನೆಟ್ಟಗೆ ನೀರಿಗಿಳಿದಿದೆ. ಈಗ ಅಲ್ಲಿಯವರೆಗೆ ಡಾಂಬರು ರಸ್ತೆಯಿದೆ, ಬಸ್ಸು ಬರುತ್ತದೆ, ಬಂಡೆಯ ನೆತ್ತಿಯ ಸುತ್ತ ಕಬ್ಬಿಣದ ಸರಳುಗಳನ್ನು ನೆಟ್ಟಿದ್ದಾರೆ. ನೆತ್ತಿಯ ಮೇಲೆ ಆಳೆತ್ತರದ ಶಾಸನದ ಕಲ್ಲೊಂದಿದೆ. ಸರ್ಕಾರದ ನಕ್ಷೆಯಲ್ಲಿ ಆ ಜಾಗದ ಹೆಸರು 'ನಿಷ್ಠಾಶಿಖರ'. ಆದರೆ ಸುತ್ತಲಿನ ಊರುಗಳಲ್ಲಿ ಆ ಹೆಸರು ಹೇಳಿ ದಾರಿ ಕೇಳಿದರೆ ಯಾರೂ ಕೈ ತೋರಿಸುವುದಿಲ್ಲ. ಅವರ ಬಾಯಲ್ಲಿ ಅದು ಫೊಂಗ್‌ಲೊಕ್, ನಮ್ಮ ಮಾತಿನಲ್ಲಿ ಹೇಳುವುದಾದರೆ 'ಇಳಿಸು ಬಂಡೆ'. ಪ್ರವಾಸಿಗಳನ್ನು ಕರೆತರುವವರು, ಹಿಂದಿನ ಕಾಲದಲ್ಲಿ ಇಲ್ಲಿ ಹಡಗಿನ ಸರಕು ಇಳಿಸುತ್ತಿದ್ದರು, ಅದಕ್ಕೇ ಈ ಹೆಸರು ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಊರಿನ ಹಿರಿಯರಿಗೆ ಮೈ ಉರಿದುಹೋಗುತ್ತದೆ. ಆ ಕಡಿದಾದ ಬಂಡೆಗೆ ಹಡಗು ತಾಗಿದರೆ ಚೂರಾಗುತ್ತದೆಯೇ ಹೊರತು ಸರಕು ಇಳಿಸುವುದೆಲ್ಲಿಂದ ಬಂತು ಎಂದು ಅವರು ರೇಗುತ್ತಾರೆ. ಆಮೇಲೆ, ಕೇಳುವ ವ್ಯವಧಾನ ಇದ್ದವರನ್ನು ಕೂರಿಸಿಕೊಂಡು, ನಡೆದದ್ದನ್ನು ಹೇಳುತ್ತಾರೆ.

ಹಿಂದೆ ಒಮ್ಮೆ ಬಡಗಣ ದಿಕ್ಕಿನಿಂದ ಕುದುರೆಪಡೆಯೊಂದು ಇಳಿದುಬಂದು ರಾಜಧಾನಿಯನ್ನು ಮುತ್ತಿತು. ತಲೆತಲಾಂತರದಿಂದ ಆಳಿಕೊಂಡು ಬಂದ ಸಾಮ್ರಾಟರ ವಂಶ ಒಂದೇ ಚಳಿಗಾಲದಲ್ಲಿ ನೆಲ ಕಚ್ಚಿತು. ಸಿಂಹಾಸನದ ಮೇಲಿದ್ದವನು ರಾಜಮುದ್ರೆಯನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ವೈರಿಗೆ ಒಪ್ಪಿಸಿ, ಬೆಳೆದ ಮಕ್ಕಳೊಡನೆ ಸೆರೆ ಹೋದ. ಉಳಿದವನು ಒಬ್ಬನೇ. ಅವನು ಕಿರಿಯ ರಾಣಿಯೊಬ್ಬಳ ಮಗ. ತಾಯಿ ಬಾಣಂತಿತನದಲ್ಲೇ ತೀರಿಕೊಂಡಿದ್ದರಿಂದ ಅರಮನೆಯ ಹಿತ್ತಲ ಕೋಣೆಯಲ್ಲಿ ದಾದಿಯ ಮಡಿಲಲ್ಲಿ ಬೆಳೆಯುತ್ತಿದ್ದ. ಹಬ್ಬದ ದಿನ ತಂದೆ ಅವನನ್ನು ನೋಡಿ, ಇವನು ಯಾರ ಮಗ ಎಂದು ಕೇಳಿದ್ದನಂತೆ. ಹೀಗೆ ಯಾರಿಗೂ ಬೇಡವಾಗಿದ್ದ ಕೂಸು ರಾಜಧಾನಿ ಬಿದ್ದ ದಿನ ಎಲ್ಲರಿಗೂ ಬೇಕಾಯಿತು. ಮಂತ್ರಿಗಳು ಹುಡುಕಿಕೊಂಡು ಬಂದರು, ಅಡ್ಡಬಿದ್ದರು, ಕಂಬಳಿಯಲ್ಲಿ ಸುತ್ತಿ ಗಾಡಿಗೆ ಹಾಕಿಕೊಂಡು ತೆಂಕಣಕ್ಕೆ ಓಡಿದರು. ಆಗ ಅವನಿಗೆ ಆರು ತುಂಬಿ ಏಳನೆಯದು ನಡೆಯುತ್ತಿತ್ತು.

ಜತೆಯಲ್ಲಿ ಹೋದ ದಾದಿಯ ಹೆಸರು ಗ್ವೇಲಾನ್. ಅವಳು ನೇಕಾರರ ಮನೆಯ ಹೆಣ್ಣು. ಚೊಚ್ಚಲ ಹೆರಿಗೆಯಾಗಿ ತಿಂಗಳು ತುಂಬುವುದರೊಳಗೆ ಅರಮನೆಯವರು ಬಂದು, ಹಾಲು ಚೆನ್ನಾಗಿದೆ ಎಂದು ಪರೀಕ್ಷೆ ಮಾಡಿ, ಹಸುವನ್ನು ಹೊಡೆದುಕೊಂಡು ಹೋಗುವ ಹಾಗೆ ಅವಳನ್ನು ಕರೆದೊಯ್ದಿದ್ದರು. ಅವಳ ಸ್ವಂತ ಕೂಸು ಅತ್ತೆಯ ಕೈಯಲ್ಲಿ ಗಂಜಿಯ ತಿಳಿ ಕುಡಿದುಕೊಂಡು ಕೆಲವು ವಾರ ಉಳಿಯಿತು, ಆಮೇಲೆ ಉಳಿಯಲಿಲ್ಲ. ಸುದ್ದಿ ಬಂದಾಗ ಅವಳನ್ನು ಅಳಲೂ ಬಿಡಲಿಲ್ಲ ಎನ್ನುತ್ತಾರೆ. ಅತ್ತರೆ ಹಾಲು ಕೆಡುತ್ತದೆ ಎಂದರಂತೆ. ಆ ಸಂಕಟವನ್ನೆಲ್ಲ ನುಂಗಿಕೊಂಡು ಅವಳು ಈ ಮಗುವನ್ನು ಸಾಕಿದಳು. ರಾಜಕುಮಾರನ ಹೆಸರನ್ನು ಬಾಯಲ್ಲಿ ಆಡುವುದು ಅಪರಾಧವಾಗಿತ್ತು. ಅದಕ್ಕೇ ಅವಳು ಅವನಿಗೆ ತನ್ನದೇ ಒಂದು ಹೆಸರಿಟ್ಟಿದ್ದಳು: ದೌದೌ, ಅಂದರೆ ಅವರೆಕಾಳು. ಹುಟ್ಟಿದಾಗ ಅಷ್ಟೇ ಇದ್ದನಲ್ಲ ಎಂದು.

ಪರಾರಿಯಾದವರಿಗೆಲ್ಲ ನಾಯಕ ಮಹಾಮಂತ್ರಿ ವೇಯ್ ಚೊಂಗ್. ಅವನು ಕೆಟ್ಟವನಾಗಿರಲಿಲ್ಲ ಎಂದೇ ಹಿರಿಯರು ಹೇಳುತ್ತಾರೆ. ಹೇಳುವಾಗ ಅವರ ಸಿಟ್ಟು ಇಳಿಯುವುದಿಲ್ಲ, ಏರುತ್ತದೆ. ಅವನು ಲಂಚ ಮುಟ್ಟಿದವನಲ್ಲ, ಸುಳ್ಳಾಡಿದವನಲ್ಲ. ಸೈನಿಕರು ಅರೆಹೊಟ್ಟೆ ಉಂಡ ದಿನ ತಾನೂ ಅರೆಹೊಟ್ಟೆ ಉಂಡವನು. ಆದರೆ ಅವನ ಕಣ್ಣಿಗೆ ವಂಶ ಕಾಣುತ್ತಿತ್ತು, ಪಟ್ಟ ಕಾಣುತ್ತಿತ್ತು, ಆ ಪಟ್ಟದ ಮೇಲೆ ಕುಳಿತ ಮಗು ಕಾಣುತ್ತಿರಲಿಲ್ಲ. ಕಡಲತೀರ ಸೇರಿದ ಕೂಡಲೇ ಹಡಗೊಂದರ ಮೇಲೆ ಪಟ್ಟಾಭಿಷೇಕ ಮಾಡಿಸಿದ. ದೊಡ್ಡವರಿಗೆ ಹೊಲಿದ ಹಳದಿ ನಿಲುವಂಗಿಯನ್ನು ಮಡಿಸಿ, ಟಾಕು ಹಾಕಿ, ಮಗುವಿಗೆ ತೊಡಿಸಿದರು. ಮಂತ್ರಪಠನ ಮುಗಿಯುವವರೆಗೂ ಅವನು ಅಲುಗಾಡದೆ ನಿಲ್ಲಬೇಕಾಗಿತ್ತು. ಅರ್ಧದಲ್ಲಿ ಅವನು ದಾದಿಯ ಕಡೆ ತಿರುಗಿ, ಒಂದಕ್ಕೆ ಹೋಗಬೇಕು ಎಂದು ಕಣ್ಣಲ್ಲೇ ಕೇಳಿದ. ಗ್ವೇಲಾನ್ ಮುಂದೆ ಹೆಜ್ಜೆಯಿಟ್ಟರೆ ಕಾವಲಿನವರು ಈಟಿ ಅಡ್ಡ ಹಿಡಿದರು. ಹುಡುಗ ಬಟ್ಟೆಯಲ್ಲೇ ಮಾಡಿಕೊಂಡು, ನಾಚಿಕೆಯಿಂದ ಕೆಂಪಾಗಿ, ಒದ್ದೆ ನಿಲುವಂಗಿಯಲ್ಲೇ ನಿಂತು ಸಾಮ್ರಾಟನಾದ. ಅಷ್ಟು ಜನ ಪಂಡಿತರು ಅಲ್ಲಿದ್ದರು. ಎಲ್ಲರೂ ತಲೆ ತಗ್ಗಿಸಿಕೊಂಡು, ನೋಡಿಯೂ ನೋಡದವರ ಹಾಗೆ ಇದ್ದರು.

ಅಂದಿನಿಂದ ಅವನ ಹೆಸರಿನಲ್ಲಿ ಅಪ್ಪಣೆಗಳು ಹೊರಟವು. ಕರಾವಳಿಯ ಊರುಗಳಿಂದ ಗಂಡಾಳುಗಳನ್ನು ಹಿಡಿದು ತರಬೇಕು ಎಂದು ಸಾಮ್ರಾಟರ ಅಪ್ಪಣೆ. ದೋಣಿಗಳನ್ನೂ ಸೌದೆಯನ್ನೂ ವಶಪಡಿಸಿಕೊಳ್ಳಬೇಕು ಎಂದು ಅಪ್ಪಣೆ. ಕೊಡಲೊಪ್ಪದವನ ತಲೆ ತೆಗೆಯಬೇಕು ಎಂದೂ ಅಪ್ಪಣೆಯೇ. ಇವುಗಳಲ್ಲಿ ಒಂದಾದರೂ ಆ ಹುಡುಗನ ಬಾಯಿಂದ ಬಂದದ್ದಲ್ಲ. ಅವನು ಪರದೆಯ ಮುಂದೆ ಕುಳಿತು, ಕಲಿಸಿದ ಹಾಗೆ ತಲೆಯಾಡಿಸುತ್ತಿದ್ದ; ತೂಕಡಿಸಿದರೆ ಅದನ್ನೂ ಒಪ್ಪಿಗೆಯೆಂದೇ ತಿಳಿಯುತ್ತಿದ್ದರು. ಮಾತಾಡುವಾಗ 'ನಾನು' ಎನ್ನಕೂಡದು, 'ನಾವು' ಎನ್ನಬೇಕು ಎಂದು ವೇಯ್ ಚೊಂಗ್ ಅವನಿಗೆ ಪಾಠ ಹೇಳಿಕೊಟ್ಟಿದ್ದ. ಮಗು ಗ್ವೇಲಾನಳ ಬಳಿ ಬಂದು, "ನಾವು ಅಂದರೆ ನಾನು ಮತ್ತು ಇನ್ಯಾರು?" ಎಂದು ಕೇಳಿದ. "ನೀನು ಮತ್ತು ನಾನು" ಎಂದಳು ಅವಳು. ಅವನಿಗೆ ಅದು ಸರಿಯೆನಿಸಿತು.

ಹೀಗೆ ಊರಿಂದೂರಿಗೆ ತೇಲುತ್ತ, ಬೆನ್ನಟ್ಟಿ ಬಂದ ವೈರಿಯ ಹಡಗುಗಳಿಗೆ ಹೆದರುತ್ತ, ಅವರು ಕೊನೆಗೆ ಈ ಬಂಡೆಯ ಕೆಳಗಿನ ಕೊಲ್ಲಿಯಲ್ಲಿ ಲಂಗರು ಹಾಕಿದರು. ಇಲ್ಲಿದ್ದವರು ಉಪ್ಪು ಕಾಯಿಸುವ ಬಡವರು. ಸಾಮ್ರಾಟರ ಸೈನಿಕರು ಬಂದ ದಿನವೇ ಅವರ ಸೌದೆಯ ರಾಶಿ ಹೋಯಿತು, ದೋಣಿಗಳು ಹೋದವು, ಬೆಳೆದ ಗಂಡುಮಕ್ಕಳು ಹೋದರು. ಅಷ್ಟರಲ್ಲಿ ವೈರಿಗಳು ನದಿಯ ಬಾಯನ್ನು ಕಟ್ಟಿದ್ದರಿಂದ ಹಡಗುಗಳಲ್ಲಿ ಸಿಹಿನೀರು ಮುಗಿಯಿತು. ಸೈನಿಕರು ಕಡಲ ನೀರು ಕುಡಿದು ವಾಂತಿ ಮಾಡಿಕೊಳ್ಳತೊಡಗಿದರು. ದೌದೌಗೆ ಜ್ವರ ಬಂತು. ಗ್ವೇಲಾನ್ ಕೊಡ ಹಿಡಿದು ದಡಕ್ಕಿಳಿದು, ಮೊದಲು ಸಿಕ್ಕ ಗುಡಿಸಲ ಮುಂದೆ ನಿಂತಳು. ಒಳಗಿದ್ದದ್ದು ಒಬ್ಬ ಮುದುಕಿ. ಊರವರೆಲ್ಲ ಅವಳನ್ನು ಆಪೋ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಆಪೋ ಎಂದರೆ ಅಜ್ಜಿ. ಅವಳ ಇಬ್ಬರು ಮಕ್ಕಳನ್ನು ಸೈನಿಕರು ಎಳೆದೊಯ್ದಿದ್ದರು.

"ದೊರೆಯ ಮನೆಯವರಿಗೆ ನನ್ನಲ್ಲಿ ನೀರಿಲ್ಲ" ಎಂದಳು ಆಪೋ, ಬಾಗಿಲಿಗೆ ಅಡ್ಡ ನಿಂತು.

"ದೊರೆಗಲ್ಲ ಅವ್ವಾ. ಜ್ವರ ಬಂದಿರುವ ಒಂದು ಮಗುವಿಗೆ" ಎಂದಳು ಗ್ವೇಲಾನ್, ಕರಾವಳಿಯಲ್ಲಿ ಅಲೆಯುತ್ತ ಕಲಿತ ಹರಕುಮುರುಕು ಮಾತಿನಲ್ಲಿ.

ಮುದುಕಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ, ತನ್ನ ಮೊಮ್ಮಕ್ಕಳಿಗೆಂದು ಬಚ್ಚಿಟ್ಟಿದ್ದ ಮಳೆನೀರಿನಲ್ಲಿ ಅರ್ಧ ಬಗ್ಗಿಸಿ ಕೊಟ್ಟಳು. ಗ್ವೇಲಾನ್ ಮತ್ತೆ ಮತ್ತೆ ಬಂದಳು. ಹುಡುಗ ಚೇತರಿಸಿಕೊಂಡ. ಒಂದು ದಿನ ಆಪೋ ತಾನಾಗಿಯೇ ಮಾತು ತೆಗೆದಳು. "ನಿಮ್ಮ ಕಡೆಯವರು ಗೆಲ್ಲುವುದಿಲ್ಲ. ಸಣ್ಣ ಮಕ್ಕಳಿಗೂ ಅದು ಗೊತ್ತು. ಹುಡುಗನ ಜುಟ್ಟು ತೆಗೆದು, ಮೈಗೆ ಆಗರದ ಕೆಸರು ಬಳಿದು ನನ್ನ ಗುಡಿಸಲಿಗೆ ತಂದುಬಿಡು. ನನ್ನ ಮೊಮ್ಮಕ್ಕಳ ನಡುವೆ ಇನ್ನೊಂದು ಕೊಳಕು ಮೂತಿ ಇದ್ದರೆ ಯಾವ ಸೈನಿಕ ಗುರುತು ಹಿಡಿಯುತ್ತಾನೆ?" ತನ್ನ ಮಕ್ಕಳನ್ನು ಕಿತ್ತುಕೊಂಡವರ ದೊರೆಯನ್ನು ತನ್ನ ಮನೆಯಲ್ಲಿ ಬಚ್ಚಿಡುತ್ತೇನೆಂದು ಆ ಬಡ ಮುದುಕಿ ಹೇಳಿದಳು. ಗ್ವೇಲಾನ್ ಅವಳ ಕೈ ಹಿಡಿದುಕೊಂಡು ಅತ್ತಳು. ಅರಮನೆ ಸೇರಿದ ಮೇಲೆ ಅವಳು ಮನಬಿಚ್ಚಿ ಅತ್ತದ್ದು ಅದೇ ಮೊದಲು.

ಕದ್ದು ತರುವುದು ಆಗದ ಮಾತಾಗಿತ್ತು. ಹುಡುಗನ ಸುತ್ತ ಕಾವಲಿತ್ತು. ಗ್ವೇಲಾನ್ ನೇರವಾಗಿ ವೇಯ್ ಚೊಂಗನ ಮುಂದೆ ಹೋಗಿ ಮೊಣಕಾಲೂರಿ ಎಲ್ಲವನ್ನೂ ಹೇಳಿದಳು. ಮಂತ್ರಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತಂತೆ. ಅವನು ಮೆಲ್ಲಗೆ ನಕ್ಕು, "ಸ್ವರ್ಗದ ಪುತ್ರನೆನಿಸಿದ ಸಾಮ್ರಾಟ ಉಪ್ಪಿನವರ ಗುಡಿಸಲಲ್ಲಿ ಬದುಕುವುದೆ? ನೀನು ಹೇಳುವುದು ಬದುಕಲ್ಲ, ದಾದಿ. ವೈರಿಯ ಕೈಗೆ ಸಿಕ್ಕು ಅಣ್ಣಂದಿರ ಹಾಗೆ ತಲೆ ಬಾಗಿಸುವುದೂ ಬದುಕಲ್ಲ. ಗೆಲ್ಲಲಾಗದಿದ್ದರೆ ಮಾನದಿಂದ ಮುಗಿಸುವುದು ನಮ್ಮ ಕೈಯಲ್ಲಿದೆ" ಎಂದ.

"ಯಾರ ಮಾನ, ಸ್ವಾಮಿ?" ಎಂದಳು ಗ್ವೇಲಾನ್. "ಅವನಿಗಿನ್ನೂ ಹಾಲುಹಲ್ಲು ಉದುರುತ್ತಿದೆ."

ಅವಳನ್ನು ಹೊರಗೆ ಕಳಿಸಿದರು. ಅಂದಿನಿಂದ ಹುಡುಗನ ಬಳಿ ಅವಳನ್ನು ಬಿಡಲಿಲ್ಲ.

ಮುಂದೆ ಆದದ್ದು ಬೇಗ ಆಯಿತು. ಸಾಮ್ರಾಟರಿಗಾಗಿ ಕೊನೆಯ ತೊಟ್ಟು ರಕ್ತ ಚೆಲ್ಲುತ್ತೇನೆಂದು ಎಲ್ಲರೆದುರು ಆಣೆಯಿಟ್ಟಿದ್ದ ನೌಕಾದಳಪತಿ ತಾಂಗ್, ಒಂದು ರಾತ್ರಿ ಇಳಿತದ ನೀರು ನೋಡಿಕೊಂಡು, ಗಟ್ಟಿಮುಟ್ಟಾದ ಹಡಗುಗಳನ್ನೆಲ್ಲ ಬಿಚ್ಚಿಕೊಂಡು ಪರಾರಿಯಾದ. ಬೆಳಕು ಹರಿದಾಗ ಕೊಲ್ಲಿಯಲ್ಲಿ ಉಳಿದದ್ದು ಹಳೆಯ ದೋಣಿಗಳು ಮತ್ತು ಕಾಯಿಲೆ ಬಿದ್ದ ಸೈನಿಕರು. ಮಂಜಿನಾಚೆ ವೈರಿಗಳ ಕಹಳೆ ಕೇಳಿಸಿತು. ದಡದ ಮೇಲೆ ಊರವರು ಗುಂಪುಗುಂಪಾಗಿ ನಿಂತಿದ್ದರು. ಅವರ ನಡುವಿನಿಂದ ಮಹಾಮಂತ್ರಿ ವೇಯ್ ಚೊಂಗ್ ಆಸ್ಥಾನದ ಪೂರ್ಣ ಪೋಷಾಕಿನಲ್ಲಿ ನಡೆದುಬಂದ. ಅವನ ಬೆನ್ನ ಮೇಲೆ ಹಳದಿ ನಿಲುವಂಗಿಯ ಹುಡುಗನಿದ್ದ. ಬಿಳಿಯ ರೇಷ್ಮೆಯಿಂದ ಅವನನ್ನು ತನ್ನ ಮೈಗೆ ಸುತ್ತಿ ಸುತ್ತಿ ಬಿಗಿದುಕೊಂಡಿದ್ದ ಮಂತ್ರಿ, ಯಾರನ್ನೂ ನೋಡದೆ ಬಂಡೆ ಏರತೊಡಗಿದ.

ಗ್ವೇಲಾನಳಿಗೆ ಒಂದೇ ನೋಟಕ್ಕೆ ಎಲ್ಲವೂ ಅರ್ಥವಾಯಿತು. ಕೆಸರಿನಲ್ಲಿ ಬಿದ್ದು ಎದ್ದು, ಅಡ್ಡ ಬಂದ ಕಾವಲುಗಾರನ ಕೈ ಕಚ್ಚಿ, ಬಂಡೆಯ ಇಳಿಜಾರನ್ನು ಓಡುತ್ತ ಏರಿದಳು. ನೆತ್ತಿಯ ಮೇಲೆ, ಅಂಚಿಗೆ ಮುಖ ಮಾಡಿ ನಿಂತಿದ್ದ ಮಂತ್ರಿಯನ್ನು ಕಂಡು ಅವಳು ನಿಂತುಬಿಟ್ಟಳು. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಎಲ್ಲಿ ಅವನು ಹಾರಿಬಿಡುತ್ತಾನೋ ಎಂದು ಅವಳಿಗೆ ಕಾಲೇ ಬರಲಿಲ್ಲ.

"ಇಳಿಸಿ!" ಎಂದು ಕೂಗಿದಳು. "ಮಗುವನ್ನು ಕೆಳಗಿಳಿಸಿ, ಮಂತ್ರಿಗಳೇ! ಸಾಯಬೇಕಾದರೆ ನೀವು ಸಾಯಿರಿ, ಯಾರು ಬೇಡವೆಂದರು?"

"ಪ್ರಭುಗಳು ವಂಶದ ಮಾನಕ್ಕಾಗಿ ಪ್ರಾಣ ಬಿಡಲು ಒಪ್ಪಿದ್ದಾರೆ" ಎಂದ ವೇಯ್ ಚೊಂಗ್, ತಿರುಗದೆ.

"ಒಪ್ಪಿದನೆ? ಏನು ಕೇಳಿದಿರಿ ಅವನನ್ನು? ಹಸಿವೆಯೇ ಎಂದು ಒಂದು ದಿನ ಕೇಳಲಿಲ್ಲ. ನಿದ್ದೆ ಬರುತ್ತಿದೆಯೇ ಎಂದು ಕೇಳಲಿಲ್ಲ. ಇದೊಂದನ್ನು ಮಾತ್ರ ಕೇಳಿದಿರಾ?"

ಆಗ ಮಂತ್ರಿಯ ಹೆಗಲ ಮೇಲಿನಿಂದ ಹುಡುಗ ಕಷ್ಟಪಟ್ಟು ತಲೆ ಹೊರಳಿಸಿ ಅವಳನ್ನು ನೋಡಿದ. "ಅಮ್ಮಾ, ನನಗೆ ಈಜು ಬರುವುದಿಲ್ಲ" ಎಂದ. ಕಡಲಿನ ತಳದಲ್ಲಿ ಅರಮನೆಯಿದೆ, ಅಲ್ಲಿಗೆ ಹೋಗೋಣ ಎಂದು ಅವನಿಗೆ ಹೇಳಿದ್ದರಂತೆ.

ಗ್ವೇಲಾನ್ ಮೊಣಕಾಲೂರಿದಳು. ಅವಳ ಸ್ವರ ಇಳಿಯಿತು. ಕರಾವಳಿಯನ್ನೆಲ್ಲ ಹಾಳುಮಾಡಿದ ಆ ಅಪ್ಪಣೆಗಳು ನೆನಪಾದವು ಅವಳಿಗೆ. ಸಾಮ್ರಾಟರ ಅಪ್ಪಣೆಯನ್ನು ಜೀವ ಹೋದರೂ ಮೀರುವುದಿಲ್ಲವೆಂದು ಈ ಮಂತ್ರಿ ಎಷ್ಟೋ ಸಲ ಹೇಳಿದ್ದೂ ನೆನಪಾಯಿತು. "ದೌದೌ, ಕಂದಾ, ಅಪ್ಪಣೆ ಕೊಡು" ಎಂದಳು. "ಅವರು ಕಲಿಸಿದ ಹಾಗೆಯೇ ಹೇಳು. ಗಟ್ಟಿಯಾಗಿ ಹೇಳು."

ಹುಡುಗ, ಪಾಠ ಒಪ್ಪಿಸುವ ಮಕ್ಕಳ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ: "ನಾವು ಅಪ್ಪಣೆ ಮಾಡುತ್ತೇವೆ. ನಮ್ಮನ್ನು ಕೆಳಗಿಳಿಸು."

ಆ ಮಾತು ಬಂಡೆಯ ಕೆಳಗೆ ನಿಂತಿದ್ದವರಿಗೂ ಕೇಳಿಸಿತು. ರಾಜಧಾನಿಯ ನುಡಿ ಅವರಿಗೆ ತಿಳಿಯದು. ಯಾರೋ ಸೈನಿಕನೊಬ್ಬ ಅರ್ಥ ಹೇಳಿದ. ಮೊದಲು ಆಪೋ ಕೂಗಿದಳು, "ಫೊಂಗ್‌ಲೊಕ್! ಇಳಿಸು!" ಎಂದು. ಅವಳ ಪಕ್ಕದವಳು ಕೂಗಿದಳು. ದೊರೆಗಳೆದುರು ಕಣ್ಣೆತ್ತಿದವರಲ್ಲ ಆ ಜನ. ಅಂದು ಆಗರದ ತುಂಬ ಹೆಂಗಸರು, ಮುದುಕರು, ಕಾಯಿಲೆಯ ಸೈನಿಕರು ಕೂಡ ಒಂದೇ ಸ್ವರದಲ್ಲಿ ಮಹಾಮಂತ್ರಿಯನ್ನು ಏಕವಚನದಲ್ಲಿ ಗದರಿಸಿದರು. "ಇಳಿಸು! ಇಳಿಸು!"

ವೇಯ್ ಚೊಂಗನ ಮೊಣಕಾಲು ಬಾಗಿತು. ಅದನ್ನು ಎಲ್ಲರೂ ನೋಡಿದರು ಎನ್ನುತ್ತಾರೆ. ಬದುಕಿನುದ್ದಕ್ಕೂ ಅಪ್ಪಣೆಗೆ ಬಾಗಿದ ಮೈ ತಾನಾಗಿ ಬಾಗಿತ್ತು. ಅವನ ಕೈ ಎದೆಯ ಮೇಲಿನ ರೇಷ್ಮೆಯ ಗಂಟಿಗೂ ಹೋಯಿತು. ಗ್ವೇಲಾನ್ ಎರಡೂ ಕೈ ಮುಂದೆ ಚಾಚಿದಳು. ಅಷ್ಟರಲ್ಲಿ ಮಂಜು ಸರಿದು ವೈರಿಯ ಹಡಗಿನ ಹಾಯಿಗಳು ಕಾಣಿಸಿದವು. ಮಂತ್ರಿ ನೆಟ್ಟಗೆ ನಿಂತ. "ಪ್ರಭುಗಳಿನ್ನೂ ಚಿಕ್ಕವರು" ಎಂದ. "ಇದೆಲ್ಲ ಅವರಿಗೆ ತಿಳಿಯುವುದಿಲ್ಲ." ಹಾಗೆಂದು ಮುಂದಕ್ಕೆ ಹೆಜ್ಜೆಯಿಟ್ಟುಬಿಟ್ಟ.

ಈ ಜಾಗಕ್ಕೆ ಬಂದಾಗ ಇಂದಿಗೂ ಕಥೆ ಹೇಳುವವರು ಕೇಳುವವರ ಕಡೆ ತಿರುಗುತ್ತಾರೆ. ಪಟ್ಟ ಕಟ್ಟುವಾಗ ಅವನು ಚಿಕ್ಕವನಾಗಿರಲಿಲ್ಲ. ಅವನ ಹೆಸರಿನಲ್ಲಿ ಜನರ ತಲೆ ತೆಗೆಸುವಾಗ ಚಿಕ್ಕವನಾಗಿರಲಿಲ್ಲ. ಸಾಯಲು ಒಪ್ಪಿಗೆ ಕೊಡುವಾಗಲೂ ದೊಡ್ಡವನೇ ಆಗಿದ್ದ. ಬದುಕುತ್ತೇನೆ ಎಂದಾಗ ಮಾತ್ರ ಏನೂ ತಿಳಿಯದ ಮಗುವಾಗಿಬಿಟ್ಟನೆ ಎಂದು ಅವರು ಕೇಳುತ್ತಾರೆ.

ಊರವರು ಅಳಿದುಳಿದ ದೋಣಿಗಳಲ್ಲಿ ಹುಡುಕಿದರು. ಭರತದ ನೀರು ಇಬ್ಬರನ್ನೂ ಒಟ್ಟಿಗೇ ಆಗರದ ಅಂಚಿಗೆ ತಂದು ಹಾಕಿತ್ತು. ನೆನೆದ ರೇಷ್ಮೆ ಬಿಗಿದುಕೊಂಡು ಗಂಟು ಬಿಚ್ಚಲು ಬರುತ್ತಿರಲಿಲ್ಲ. ಯಾರೋ ಕತ್ತಿ ತಂದರು. ಗ್ವೇಲಾನ್ ಬೇಡವೆಂದು, ಉಗುರು ಕಿತ್ತು ರಕ್ತ ಬಂದರೂ ಬಿಡದೆ ಅದನ್ನು ಕೈಯಿಂದಲೇ ಬಿಚ್ಚಿದಳು. ಹಳದಿ ನಿಲುವಂಗಿಯನ್ನು ತೆಗೆದೆಸೆದು, ಆಪೋ ಕೊಟ್ಟ ಮೊಮ್ಮಗನ ಅಂಗಿ ತೊಡಿಸಿದಳು. ವೈರಿಗಳು ದಡ ಮುಟ್ಟುವ ಮೊದಲೇ, ಉಪ್ಪಿನವರು ತಮ್ಮ ಮಕ್ಕಳನ್ನು ಹೂಳುವ ದಿಬ್ಬದಲ್ಲೇ ಅವನನ್ನೂ ಹೂಳಿದರು, ಮೇಲೆ ಗುರುತಿಗೆ ಒಂದು ಕಲ್ಲೂ ಇಡಲಿಲ್ಲ. ವೈರಿಯ ಸೇನಾಪತಿ ದಡಕ್ಕಿಳಿದು ಮಂತ್ರಿಯ ಶವವನ್ನು ಕಂಡು, ಇಂಥ ಸ್ವಾಮಿನಿಷ್ಠ ನಮ್ಮಲ್ಲಿಲ್ಲವಲ್ಲ ಎಂದು ಕೈ ಮುಗಿದು, ಸಕಲ ಮರ್ಯಾದೆಯಿಂದ ಸಮಾಧಿ ಮಾಡಿಸಿದ. ಹುಡುಗನೆಲ್ಲಿ ಎಂದು ಊರವರನ್ನು ಹಿಡಿಸಿ ಬಡಿಸಿ ಕೇಳಿದ. ನಾವು ಕಾಣೆವು ಎಂದರು ಎಲ್ಲರೂ. ಆ ಹುಡುಗನನ್ನು ಮತ್ತೊಮ್ಮೆ ಯಾವ ಮೆರವಣಿಗೆಗೂ ಕೊಡಬಾರದೆಂದು ಅವರು ನಿಶ್ಚಯ ಮಾಡಿಕೊಂಡಿದ್ದರು.

ಗ್ವೇಲಾನ್ ಹಿಂತಿರುಗಿ ಹೋಗಲಿಲ್ಲ. ಆಪೋಳ ಮಕ್ಕಳೂ ಬರಲಿಲ್ಲ. ಇಬ್ಬರು ಹೆಂಗಸರೂ ಒಂದೇ ಒಲೆಯ ಮುಂದೆ ಉಪ್ಪು ಕಾಯಿಸಿ ಆ ಮೊಮ್ಮಕ್ಕಳನ್ನು ಸಾಕಿದರು. ವರ್ಷಗಳು ಕಳೆದು, ಹೊಸ ವಂಶದ ಆಳ್ವಿಕೆ ಗಟ್ಟಿಯಾಯಿತು. ನಿಷ್ಠೆ ಎಂದರೆ ಯಾವ ದೊರೆಗೂ ಇಷ್ಟವೇ. ಅಧಿಕಾರಿಯೊಬ್ಬ ಬಂದು ಬಂಡೆಯ ನೆತ್ತಿಯ ಮೇಲೆ ವೇಯ್ ಚೊಂಗನ ಹೊಗಳಿಕೆಯ ಕಲ್ಲು ನಿಲ್ಲಿಸಿದ. ಊರವರನ್ನೆಲ್ಲ ಕರೆಸಿ, ಅದನ್ನು ಗಟ್ಟಿಯಾಗಿ ಓದಿಸಿದ. ತನ್ನ ಪ್ರಭುವಿನ ಒಂದು ಅಪ್ಪಣೆಯನ್ನೂ ಎಂದೂ ಮೀರದ ಮಹಾತ್ಮ ಎಂದು ಕಲ್ಲಿನಲ್ಲಿ ಕೊರೆಸಿದ್ದರು. ಆಗ ಗುಂಪಿನಲ್ಲಿದ್ದ ಬೆಳ್ಳಗಿನ ಕೂದಲಿನ ಮುದುಕಿಯೊಬ್ಬಳು ಕೋಲೂರಿಕೊಂಡು ಮುಂದೆ ಬಂದಳು.

"ಒಂದನ್ನು ಮೀರಿದ" ಎಂದಳು ಗ್ವೇಲಾನ್. "ಆ ಮಗು ಕೊಟ್ಟದ್ದೇ ಒಂದು ಅಪ್ಪಣೆ. ಅದನ್ನೇ ಮೀರಿದ. ಬರೆಯುವುದಾದರೆ ಅದನ್ನೂ ಬರೆಯಿರಿ."

ಯಾರೀ ಹುಚ್ಚು ಮುದುಕಿ ಎಂದು ಅಧಿಕಾರಿ ಅವಳನ್ನು ಎಳೆಸಿಹಾಕಿದ. ಅವಳು ಕೆಳಗಿಳಿಯುವಾಗ ಊರಿಗೆ ಊರೇ ಸಮಾರಂಭ ಬಿಟ್ಟು ಅವಳ ಹಿಂದೆ ಇಳಿದು ಹೋಯಿತು. ನಿಷ್ಠಾಶಿಖರ ಎಂಬ ಹೆಸರನ್ನು ಅಲ್ಲಿ ಉಳಿದವರು ತಮ್ಮಷ್ಟಕ್ಕೆ ತಾವೇ ಘೋಷಿಸಿಕೊಂಡರು. ಆ ಸಂಜೆಯಿಂದ ಉಪ್ಪಿನವರು ಬಂಡೆಯನ್ನು ಫೊಂಗ್‌ಲೊಕ್ ಎಂದೇ ಕರೆದರು. ಹಾಗೆ ಕರೆದವರಿಗೆ ಛಡಿಯೇಟು ಎಂದು ಡಂಗುರ ಹೊಡೆಸಿದರೂ ಹೆಸರು ಬದಲಾಗಲಿಲ್ಲ. ಗ್ವೇಲಾನ್ ತೀರಿಕೊಂಡಾಗ ಅವಳನ್ನೂ ಮಕ್ಕಳ ದಿಬ್ಬದಲ್ಲೇ ಹೂಳಿದರು. ಮಕ್ಕಳಲ್ಲದವರಿಗೆ ಅಲ್ಲಿ ಜಾಗ ಕೊಟ್ಟದ್ದು ಅದೊಂದೇ ಸಲ ಎನ್ನುತ್ತಾರೆ.

ಈಗ ಹೋದವರಿಗೆ ಬಂಡೆಯ ಮೇಲೆ ಆ ಕಲ್ಲು ಕಾಣುತ್ತದೆ. ಅಕ್ಷರಗಳು ಉಪ್ಪುಗಾಳಿಗೆ ಸವೆದು, ಹೊಗಳಿಕೆಯ ಅರ್ಧಭಾಗ ಓದಲು ಬರುವುದಿಲ್ಲ. ರಜೆಯ ದಿನಗಳಲ್ಲಿ ಜನ ಸಂಸಾರ ಸಮೇತ ಬರುತ್ತಾರೆ, ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುತ್ತ ಏರುತ್ತಾರೆ. ನೆತ್ತಿ ಇನ್ನೇನು ಬಂತು ಎನ್ನುವಲ್ಲಿ, ದಾರಿಯ ಪಕ್ಕ, ಒಣಮೀನು ಮಾರುವ ಹೆಂಗಸರು ಕುಳಿತಿರುತ್ತಾರೆ. ಊರಿನವರಾದರೆ ಯಾರೂ ಹೇಳದೆಯೇ ಅಲ್ಲಿ ಬಗ್ಗಿ ಮಗುವನ್ನು ಇಳಿಸುತ್ತಾರೆ. ನಡೆಯಲು ಬಾರದ ಹಸುಗೂಸಾದರೂ ಅದರ ಪಾದವನ್ನು ಒಮ್ಮೆ ಬಂಡೆಗೆ ಮುಟ್ಟಿಸುತ್ತಾರೆ. ಪರವೂರಿನವರಿಗೆ ಇದು ಗೊತ್ತಿರುವುದಿಲ್ಲ. ಅವರು ಹಾಗೆಯೇ ಮುಂದೆ ನಡೆದರೆ ಆ ಹೆಂಗಸರು ವ್ಯಾಪಾರ ಬಿಟ್ಟು ಎದ್ದುನಿಂತು, "ಫೊಂಗ್‌ಲೊಕ್! ಫೊಂಗ್‌ಲೊಕ್!" ಎಂದು ಗದರುತ್ತಾರೆ. ಅವರ ಸ್ವರ ಎಷ್ಟು ಬಿರುಸಾಗಿರುತ್ತದೆಂದರೆ, ಭಾಷೆ ತಿಳಿಯದ ಅಪ್ಪನೂ ಬೆದರಿ ಮಗುವನ್ನು ಕೆಳಗಿಳಿಸುತ್ತಾನೆ. ಮಗುವಿನ ಕಾಲು ನೆಲ ಮುಟ್ಟಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವರು ಮತ್ತೆ ತಮ್ಮ ಬುಟ್ಟಿಗಳ ಮುಂದೆ ಕೂರುತ್ತಾರೆ.